ಎರಡೂ ಪೈಪು ತಣ್ಣಗೆ

ಶಿಕಾರಿಪುರ ದಾಟುವ ಹೊತ್ತಿಗೆ ಮರಿಗಳ ಕೂಗು ಬದಲಾಗಿತ್ತು. ಬೆಚ್ಚಗಿರುವ ಕೋಳಿಮರಿ ತನ್ನ ಪಾಡಿಗೆ ಸಣ್ಣಗೆ ಗುಣುಗುತ್ತಿರುತ್ತದೆ. ಚಳಿಯಾದರೆ ಒಂದೇ ಸಮನೆ ಕಿರುಚುತ್ತದೆ. ಜೀಪಿನ ಹಿಂಬದಿಯಲ್ಲಿ ಜೋಡಿಸಿದ್ದ ಆರು ರಟ್ಟಿನ ಪೆಟ್ಟಿಗೆಗಳಲ್ಲಿ ಆರುನೂರು ಮರಿಗಳು, ಮೊಟ್ಟೆಯಿಂದ ಹೊರಬಂದು ಒಂದು ದಿನ ತುಂಬದವು, ಒಟ್ಟಿಗೆ ಕಿರುಚುತ್ತಿದ್ದವು.

ನಾನು ಹೀಟರಿನ ಬಾಯಿಗೆ ಕೈ ಹಿಡಿದೆ. ಗಾಳಿಯೇನೋ ಜೋರಾಗಿಯೇ ಬರುತ್ತಿತ್ತು. ಹೊರಗೆ ಬೀಸುತ್ತಿದ್ದ ಆಷಾಢದ ಗಾಳಿಯಷ್ಟೇ ತಣ್ಣಗೆ.

"ಅಪ್ಪಾ, ಬಿಸಿ ಬರ್ತಿಲ್ಲ."

"ಇಂಜಿನ್ ಕಾಯ್ಲಿ ಪುಟ್ಟಿ. ಹೋದ್ವರ್ಷ ಮರಿ ತರುವಾಗ ಬೆವ್ರು ಕಿತ್ಕಂಡು ಬಂದಿತ್ತಲ್ಲ."

ಇಂಜಿನ್ ಕಾದು ಗಂಟೆಯ ಮೇಲಾಗಿತ್ತು. ಅದನ್ನು ತೋರಿಸುವ ಮುಳ್ಳು ಆಗಲೇ ನಡುಮಧ್ಯ ಬಂದು ನಿಂತಿತ್ತು. ನನಗದು ಕಾಣುತ್ತಿತ್ತು. ಹೇಳಲಿಲ್ಲ.

ಹೋದ ವರ್ಷ ತಂದ ಮರಿಗಳು ಊರಿನ ಬೇರೆಯವರವು, ಅಪ್ಪ ಬರೀ ಡ್ರೈವರ್. ಈ ಸಲದವು ನನ್ನವು. ಡಿಗ್ರಿ ಮುಗಿಸಿ ಎರಡು ವರ್ಷ ಮನೆಯಲ್ಲಿ ಕುಳಿತವಳು, ಜಡೆ ಊರಿನ ನಮ್ಮ ಮನೆಯ ಹಿತ್ತಿಲಲ್ಲಿ ಒಂದು ಕೋಳಿ ಶೆಡ್ಡು ಬೇಕು ಎಂದು ಕೇಳಲು ಮೂರು ತಿಂಗಳು ತೆಗೆದುಕೊಂಡಿದ್ದೆ. ಅಮ್ಮ ಒಂದೇ ಮಾತು ಹೇಳಿದ್ದಳು: "ಈ ಮರಿ ಉಳಿಸಿ ತೋರ್ಸು. ಇಲ್ದಿದ್ರೆ ದೀಪಾವಳಿಯೊಳಗೆ ಗಂಡು ನೋಡಕೆ ಶುರು ಮಾಡದೇ."

ಶಿರಾಳಕೊಪ್ಪ ತಲುಪಿದಾಗ ಗೊತ್ತಾಯಿತು, ಜಡೆಯ ದಾರಿಯಲ್ಲಿ ಮೋರಿ ಕಿತ್ತುಹೋಗಿದೆ, ಸುತ್ತಿ ಬಳಸಿ ಹೋಗಲು ಎರಡು ಗಂಟೆ ಬೇಕು ಎಂದು. ಅಪ್ಪ ಜೀಪನ್ನು ಚನ್ನೇಶಣ್ಣನ ಗ್ಯಾರೇಜಿಗೆ ತಿರುಗಿಸಿದ. ಗಾಳಿಗೆ ಬೆಳಗಿನಿಂದ ಊರಿಗೇ ಕರೆಂಟು ಇರಲಿಲ್ಲ. ಒಂದು ಬಲ್ಬಿನ ಕೆಳಗಾದರೂ ಪೆಟ್ಟಿಗೆ ಇಡೋಣವೆಂದರೆ ಅದೂ ಇಲ್ಲ.

"ಏನ್ ಸುಬ್ಬಪ್ಪಣ್ಣ, ಜೀಪಿನಾಗ ಬ್ಯಾಂಡ್ ಸೆಟ್ ಹಾಕ್ಕೊಂಡು ಬಂದೀರಿ?" ಚನ್ನೇಶಣ್ಣ ಕೈ ಒರೆಸಿಕೊಳ್ಳುತ್ತ ಬಂದ.

"ಹೀಟರ್ ಕೆಟ್ಟೋಗೈತೆ ಮಾರಾಯ. ಬೇಗ ನೋಡು. ಮರಿ ಸಾಯ್ತಾವೆ."

ಟ್ರ್ಯಾಕ್ಟರಿನ ಟೈರು ರಿಪೇರಿಗೆಂದು ಬಂದು ಬೆಂಚಿನ ಮೇಲೆ ಕೂತಿದ್ದ ಬೆನಕಪ್ಪನೆಂಬ ಮುದುಕ ಬೀಡಿ ಕೆಳಗಿಳಿಸಿದ. "ಶಿರಾಳಕೊಪ್ಪದಾಗ ಹೀಟರ್ ರಿಪೇರಿ. ಅರವತ್ತು ವರ್ಷದಾಗ ಇದೇ ಮೊದ್ಲು ಕೇಳಿದ್ದು ನೋಡು."

ಚನ್ನೇಶಣ್ಣ ಬಾನೆಟ್ ಎತ್ತಿದ. ಗಾಳಿ ಬರ್ತೈತಿ ಅಂದ್ರ ಫ್ಯಾನು ಸರಿ ಐತಿ ಎಂದ. ರೇಡಿಯೇಟರಿನ ಮುಚ್ಚಳದ ಮೇಲೆ ಒದ್ದೆ ಗೋಣಿಚೀಲ ಹಾಕಿ, ಮುಖ ಆಚೆ ಹಿಡಿದು ನಿಧಾನವಾಗಿ ತಿರುಗಿಸಿದ. ನೀರು ಬಾಯಿಮಟ್ಟ ಇತ್ತು. ಅಪ್ಪನಿಗೆ ಆಕ್ಸಿಲರೇಟರ್ ಒತ್ತಲು ಹೇಳಿ ನೀರನ್ನೇ ದಿಟ್ಟಿಸಿದ. ಗುಳ್ಳೆ ಏಳಲಿಲ್ಲ, ಒಳಗೆ ಗಾಳಿಯೂ ಸಿಕ್ಕಿಕೊಂಡಿಲ್ಲ. ಕೊನೆಗೆ ಇಂಜಿನ್ನಿನ ಹಿಂದೆ, ಎರಡು ರಬ್ಬರು ಪೈಪುಗಳು ಜೀಪಿನ ಒಳಗೆ ಹೊಗುವ ಕಡೆ ಕೈ ತೂರಿಸಿದ. ಸ್ವಲ್ಪ ಹೊತ್ತು ಕೈ ಅಲ್ಲೇ ಇಟ್ಟ.

"ಎರಡೂ ತಣ್ಣಗದಾವು."

"ಅಂದ್ರೆ?"

"ಒಂದು ಬಿಸಿ, ಒಂದು ತಣ್ಣಗಿದ್ರ ಒಳಗ ಕಟ್ಟೈತಿ ಅನ್ಬೋದಿತ್ತು. ಎರಡೂ ತಣ್ಣಗಂದ್ರ ಬಿಸಿನೀರು ಇಲ್ಲಿಗಂಟ ಬರವಲ್ದು. ಯಾರರ ಕೈ ಹಾಕಿದ್ರೇನ್ರಿ ಇದಕ್ಕ?"

"ನಾನಲ್ದೆ ಈ ಬಾನೆಟ್ ಯಾರೂ ಮುಟ್ಟಿಲ್ಲ," ಎಂದ ಅಪ್ಪ. ಆಮೇಲೆ ನೆನಪಾದವನಂತೆ, "ಹೋದ ತಿಂಗಳು ಆಯಿಲ್ ಬದ್ಲಿ ಮಾಡಿದ್ದು ನೀನೇ ಅಲ್ಲನ? ನೀನೇ ಎಂತದೋ ಮಾಡಿಟ್ಟಿದ್ದೀಯ."

ಚನ್ನೇಶಣ್ಣ ಕೈ ಹೊರಗೆಳೆದ. "ಆಯಿಲ್ಗೂ ಹೀಟರ್ಗೂ ಏನ್ ಸಂಬಂಧ ಸುಬ್ಬಪ್ಪಣ್ಣ? ನೋಡ್ರಿ, ಪೈಪು ಕೆಳಗ ಇಂಜಿನ್ ಸಂದಿಯಾಗ ಹೊಕ್ಕೈತಿ, ಕಾಣಂಗಿಲ್ಲ. ಎಲ್ಲಿ ಕಟ್ಟೈತೋ, ಒಂದೊಂದೇ ಬಿಚ್ಚಿ ನೋಡ್ಬೇಕು. ಬಿಚ್ಚಬೇಕಂದ್ರ ಇಂಜಿನ್ ಆರ್ಬೇಕು. ಮಧ್ಯಾಹ್ನ ಆಕ್ಕತಿ."

"ಮಧ್ಯಾಹ್ನಕ್ಕೆ ಮರಿ ಹೂಳಕೆ ಗುಂಡಿ ತೋಡದೇ ಸೈ," ಎಂದ ಅಪ್ಪ.

ನಾನು ಜೀಪಿನೊಳಗೇ ಇದ್ದೆ. ನಾಲ್ಕನೆಯ ಪೆಟ್ಟಿಗೆಯ ಕಿರುಚಾಟ ತಗ್ಗುತ್ತಿತ್ತು. ತಗ್ಗುವುದು ಒಳ್ಳೆಯದಲ್ಲ. ಮುಚ್ಚಳ ತೆಗೆದು ನೋಡಿದರೆ ಮರಿಗಳೆಲ್ಲ ಒಂದು ಮೂಲೆಗೆ ನುಗ್ಗಿ ಒಂದರ ಮೇಲೊಂದು ಹತ್ತಿದ್ದವು. ಕೈಯಿಂದ ಬಿಡಿಸಿದೆ. ಅಡಿಯಲ್ಲಿದ್ದ ಮೂರು ಅಲ್ಲಾಡಲಿಲ್ಲ. ನಾಲ್ಕನೆಯದು ಕಣ್ಣು ಮುಚ್ಚಿ ಬಾಯಿ ತೆರೆಯುತ್ತಿತ್ತು. ಅದನ್ನು ವೇಲಿನಲ್ಲಿ ಸುತ್ತಿ ಕುತ್ತಿಗೆಯ ಹತ್ತಿರ ಒತ್ತಿಕೊಂಡೆ.

ಯಾರರ ಕೈ ಹಾಕಿದ್ರೇನ್ರಿ.

ಆಗ ನೆನಪಾಯಿತು. ನೆನಪು ಸರಿಯೇ ಎಂದು ನೋಡಲು ಬ್ಯಾಗಿನಿಂದ ಡೈರಿ ತೆಗೆದೆ. ಏಪ್ರಿಲ್ ಹನ್ನೊಂದು. ಶಿಕಾರಿಪುರದಲ್ಲಿ ಟೀಚರ್ ಕೆಲಸಕ್ಕೆ ಇಂಟರ್‌ವ್ಯೂ. ಮೇಜಿನಾಚೆ ಮೂರು ಜನ. ಅವರು ಕೇಳಿದ ಒಂದಕ್ಕೂ ನನ್ನ ಬಾಯಿಂದ ಉತ್ತರ ಬಂದಿರಲಿಲ್ಲ. ಕೆಳಗೆ ನನ್ನದೇ ಅಕ್ಷರ: "ದಾರಿಯಲ್ಲಿ ಅಳು ತಡೆಯಲಾಗಲಿಲ್ಲ. ಯಾಕೆ ಎಂದು ಅಪ್ಪ ಕೇಳಿದ. ಹೀಟರಿನ ಕಾವಿಗೆ ಕಾಲು ಸುಡುತ್ತಿದೆ ಎಂದು ಸುಳ್ಳು ಹೇಳಿದೆ. ಪಾಪ, ಅಪ್ಪ ಜೀಪು ನಿಲ್ಲಿಸಿ, ಬ್ಯಾಟರಿಯ ಹಿಂದೆ ಕೈ ಇಳಿಸಿ ಪೈಪು ಮಡಚಿ ಕಟ್ಟಿದ."

ಫ್ಯಾನು ಹಾಕದಿದ್ದರೂ ಹೀಟರಿಗೆ ಇಂಜಿನ್ನಿನ ಬಿಸಿನೀರು ಹರಿಯುತ್ತಲೇ ಇರುತ್ತದೆ. ತೋಟದಲ್ಲಿ ನೀರು ನಿಲ್ಲಿಸಲು ಅಪ್ಪ ದಿನಕ್ಕೆ ಹತ್ತು ಸಲ ಹೀಗೇ ಮಾಡುತ್ತಾನೆ. ಪೈಪು ಮಡಚುವುದು, ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿಯುವುದು. ನಮ್ಮ ಕಡೆ ಯಾರೂ ಅದಕ್ಕೆ ನಲ್ಲಿ ಹುಡುಕುವುದಿಲ್ಲ. ಆ ಹತ್ತರ ಜೊತೆಗೆ ಹನ್ನೊಂದನೆಯದು ಅವನಿಗೆ ಹೇಗೆ ನೆನಪಿರಬೇಕು?

ಹೇಳಿದರೆ ಅಪ್ಪ ಇಷ್ಟು ಜನರೆದುರು ಸಣ್ಣವನಾಗುತ್ತಾನೆ. ಯಾಕೆ ಕಟ್ಟಿದ್ದು ಎಂಬ ಮಾತೂ ಬರುತ್ತದೆ. ಬಾನೆಟ್ಟಿನ ಸುತ್ತ ನಿಂತವರನ್ನು ನೋಡಿದೆ. ಬೆನಕಪ್ಪನೂ ಬೆಂಚಿನಿಂದ ಎದ್ದು ಬಂದಿದ್ದ. ಇಲ್ಲೂ ಮೂರು ಜನ.

ಕುತ್ತಿಗೆಗೆ ಒತ್ತಿಕೊಂಡಿದ್ದ ಮರಿ ಒಮ್ಮೆ ಒದೆಯಿತು. ಇಳಿದು ಹೋದೆ.

"ಅಪ್ಪಾ, ಪೈಪು..."

ಅಪ್ಪನಿಗೆ ಕೇಳಿಸಲಿಲ್ಲ. ಅವನು ಆಯಿಲ್ ವಿಷಯವನ್ನೇ ಹಿಡಿದಿದ್ದ. ಇನ್ನೊಮ್ಮೆ ಅಂದೆ. ಅಪ್ಪನ ದನಿ ಇನ್ನೂ ಏರಿತು.

"ಜಗಳ ಆಮ್ಯಾಲ ಆಡ್ರೋ," ಎಂದ ಬೆನಕಪ್ಪ. "ಹುಡ್ಗಿ ಏನೋ ಹೇಳಾಕ ಬಂದೈತಿ."

ಮೂವರೂ ತಿರುಗಿದರು. ನಾನು ಬ್ಯಾಟರಿಯನ್ನು ನೋಡುತ್ತ ಹೇಳಿದೆ. "ಏಪ್ರಿಲಲ್ಲಿ ನಾವೇ ಪೈಪು ಮಡಚಿ ಕಟ್ಟಿದ್ವಿ. ಬ್ಯಾಟರಿ ಹಿಂದೆ, ಕೆಳಗೆ. ಟ್ಯೂಬಿನ ಪಟ್ಟಿ ಹಾಕಿ."

ಚನ್ನೇಶಣ್ಣ ಅಪ್ಪನ ಮುಖ ನೋಡಲಿಲ್ಲ. ಭುಜದವರೆಗೆ ಕೈ ಇಳಿಸಿ ತಡಕಾಡಿದ. "ಐತಿ," ಎಂದ. ಮಸಿ ಮೆತ್ತಿದ ರಬ್ಬರು ಪಟ್ಟಿ ಸುರುಳಿ ಸುರುಳಿಯಾಗಿ ಹೊರಬಂತು.

"ತ್ವಾಟದ ಪೈಪು ಅನ್ಕಂಡಿಯೇನಪ," ಬೆನಕಪ್ಪ ನಕ್ಕ. ಬೇರೆ ಯಾರೂ ನಗಲಿಲ್ಲ.

ಪಟ್ಟಿ ಬಿಚ್ಚಿದರೂ ಪೈಪು ಬಿಚ್ಚಿಕೊಳ್ಳಲಿಲ್ಲ. ಮೂರು ತಿಂಗಳು ಮಡಚಿದ್ದ ರಬ್ಬರು ಹಾಗೇ ಚಪ್ಪಟೆಯಾಗಿ ನಿಂತಿತ್ತು. ಮಡಿಕೆಯಲ್ಲಿ ಸೀಳು ಬಿಟ್ಟು ಬಿಸಿನೀರು ಚಿಮ್ಮಿತು. "ಇಂಜಿನ್ ನಿಲ್ಸ್ರಿ," ಅಂದ ಚನ್ನೇಶಣ್ಣ. ಪೈಪು ಮಡಚಿದ್ದು ಇಂಜಿನ್ನಿಗೆ ಸೇರುವ ತುದಿಯಲ್ಲೇ. ಆರುವ ತನಕ ಕಾಯದೆ, ಕೈಗೆ ಒದ್ದೆ ಗೋಣಿ ಸುತ್ತಿಕೊಂಡು ಸೀಳಿದ ತುಂಡನ್ನು ಕತ್ತರಿಸಿ ಎಸೆದ. ಉಳಿದ ಪೈಪನ್ನು ಎಳೆದು ಮತ್ತೆ ಇಂಜಿನ್ನಿಗೆ ತೂರಿಸಿ ಬಿಗಿದ. ಅಷ್ಟರಲ್ಲಿ ಅವನ ಮುಂಗೈ ಕೆಂಪಾಗಿತ್ತು. ಅಪ್ಪ ಕೊಡಪಾನ ಹಿಡಿದು ರೇಡಿಯೇಟರಿಗೆ ನೀರು ಸುರಿದ.

ಇಂಜಿನ್ ಶುರುವಾಯಿತು. ಹೀಟರಿನ ಬಾಯಿಗೆ ಕೈ ಹಿಡಿದೆ. ತಣ್ಣಗೆ. ಆಮೇಲೂ ತಣ್ಣಗೆ. ಐದನೆಯ ಪೆಟ್ಟಿಗೆಯೂ ಸುಮ್ಮನಾಗುತ್ತಿತ್ತು. ಬಾನೆಟ್ಟಿನಾಚೆಯಿಂದ ಚನ್ನೇಶಣ್ಣ ಕೂಗಿದ, "ಒಂದು ಪೈಪು ಬಿಸಿ ಆತು." ಸ್ವಲ್ಪ ತಡೆದು, "ಎರಡನೇದೂ."

ಮೊದಲು ಸುಟ್ಟ ಧೂಳಿನ ವಾಸನೆ ಬಂತು. ಅದರ ಹಿಂದೆಯೇ ಬಿಸಿ.

ಅಪ್ಪ ಚನ್ನೇಶಣ್ಣನ ಹತ್ತಿರ ಹೋಗಿ, "ಬಾಯಿಗೆ ಬಂದಿದ್ದು ಅಂದ್ಬಿಟ್ಟೆ ಮಾರಾಯ. ಮರಿ ದೊಡ್ಡವಾದ್ಮೇಲೆ ಒಂದು ಹುಂಜ ತಂದ್ಕೊಡ್ತೀನಿ," ಎಂದ.

"ಹುಂಜ ತಂದು ನನ್ನ ಮನಿ ಬಿಡಿಸ್ತೀರೇನು? ಮೊಟ್ಟಿ ಹೆಸ್ರು ತೆಗೆದ್ರ ನಮ್ಮವ್ವ ಒಳಗ ಸೇರ್ಸಂಗಿಲ್ಲ. ಹೊಂಡ್ರಿ, ತಂಗಿ ಕಾಯಾಕತ್ತೈತಿ."

ಊರು ದಾಟಿ ಸುತ್ತುದಾರಿ ಹಿಡಿಯುವಷ್ಟರಲ್ಲಿ ಕಿರುಚಾಟ ಗುಣುಗಾಗಿ ಇಳಿಯಿತು. ಎಲ್ಲ ಪೆಟ್ಟಿಗೆಗಳನ್ನೂ ತೆರೆದು ನೋಡಿದೆ. ಹನ್ನೊಂದು ಸತ್ತಿದ್ದವು. ವೇಲಿನಲ್ಲಿದ್ದದ್ದು ಬದುಕಿತ್ತು.

"ಹನ್ನೊಂದು," ಎಂದೆ.

"ನಾಳೆ ಬೆಳಿಗ್ಗೆ ಮತ್ತೆ ಎಣ್ಸು. ಅದೇ ಸರಿ ಲೆಕ್ಕ." ಅಪ್ಪ ಜೀಪನ್ನು ಒಂದು ತಿರುವು ದಾಟಿಸಿದ. "ಅವತ್ತು ಕಾಲು ಸುಟ್ಟಿದ್ದು ನಿಜನ?"

"ಇಲ್ಲಪ್ಪ."

"ಮತ್ತೆಂತಕ್ಕೆ ಅತ್ತಿದ್ದು?"

"ಅಲ್ಲಿ ನಾನು ಒಂದೂ ಉತ್ತರ ಹೇಳ್ಲಿಲ್ಲ. ಹೆಸ್ರು ಕೇಳಿದ್ರೂ ಬಾಯಿಂದ ಮಾತು ಬರ್ಲಿಲ್ಲ."

ಅಪ್ಪ ಗೇರು ಬದಲಿಸಿದ. ಬೆವರು ಅವನ ಕುತ್ತಿಗೆಯಿಂದ ಅಂಗಿಯೊಳಗೆ ಇಳಿಯುತ್ತಿತ್ತು. ಗಾಜು ಇಳಿಸಲು ಕೈ ಹಾಕಿದವನು ಪೆಟ್ಟಿಗೆಗಳತ್ತ ಒಮ್ಮೆ ನೋಡಿ ಕೈ ತೆಗೆದ.

ನನ್ನ ಕಾಲು ಈಗ ನಿಜವಾಗಿಯೂ ಸುಡುತ್ತಿತ್ತು. ಚಪ್ಪಲಿ ಬಿಟ್ಟು, ಕಾಲನ್ನು ಮಡಚಿ ಸೀಟಿನ ಮೇಲಿಟ್ಟುಕೊಂಡೆ.