ಊಬೊ ಕಳಿಸಿದ ಉತ್ತರ

ನಮ್ಮ ಬೋಟಿನ ನಂಬರು ನಾನು ಹೇಳುವುದಿಲ್ಲ. ಹೇಳಿದರೆ ಯಾರಾದರೂ ಪುಸ್ತಕ ತೆಗೆದು ಹುಡುಕುತ್ತಾರೆ, ಎರಡು ಸಾಲು ಓದಿಕೊಂಡು ನನಗೇ ಪಾಠ ಹೇಳೋಕೆ ಬರುತ್ತಾರೆ. ಅಂಥವರನ್ನು ಬೇಕಾದಷ್ಟು ನೋಡಿದ್ದೇನೆ. ನಾವು ಅದನ್ನು ಬಸವನಹುಳು ಅಂತ ಕರೆಯುತ್ತಿದ್ದೆವು. ನೀರೊಳಗೆ ಇಳಿಯುವುದರಲ್ಲಿ ಅದರಷ್ಟು ನಿಧಾನದ ಜಲಾಂತರ್ಗಾಮಿ ಇಡೀ ಬಂದರಿನಲ್ಲಿ ಇನ್ನೊಂದಿರಲಿಲ್ಲ. ನಾಚಿಕೆಪಡುವ ಬದಲು ಅದರ ಗೋಪುರದ ಮೇಲೆ ಬಿಳಿ ಬಣ್ಣದಲ್ಲಿ ಬಸವನಹುಳುವಿನ ಚಿತ್ರವನ್ನೇ ಬರೆಸಿಬಿಟ್ಟಿದ್ದೆವು.

ನಾನು ಅದರ ರೇಡಿಯೋ ಆಪರೇಟರ್. ಹೆಸರು ವಿಯಾರ್ಟ್, ಜರ್ಮನಿಯ ಉತ್ತರ ಸಮುದ್ರದ ದಂಡೆಯ ಗ್ರೀಟ್‌ಜೀಲ್ ಊರಿನವನು. ನಲವತ್ತೊಂದರ ಬೇಸಿಗೆಯಿಂದ ಐದು ಸಲ ಯುದ್ಧಕ್ಕೆ ಹೋಗಿಬಂದೆ. ಹನ್ನೊಂದು ಹಡಗು ಮುಳುಗಿಸಿದೆವು. ಮೊದಲ ಸಲ, ಆಗ ನಮ್ಮ ವಶದಲ್ಲಿದ್ದ ಫ್ರಾನ್ಸಿನ ಲೋರಿಯಾಂ ಬಂದರಿಗೆ ವಾಪಸು ಬಂದಾಗ ಬ್ಯಾಂಡು, ಹೂವು, ಮುಳುಗಿಸಿದ ಹಡಗಿಗೊಂದರಂತೆ ಸಣ್ಣ ಸಣ್ಣ ಬಾವುಟ. ಎದೆಯುಬ್ಬಿಸಿ ನಿಂತಿದ್ದೆ, ಸುಳ್ಳು ಯಾಕೆ ಹೇಳಲಿ. ಆದರೆ ಆ ಹಡಗುಗಳ ರೇಡಿಯೋದವರು ಕೊನೆಗಳಿಗೆಯಲ್ಲಿ ಸಹಾಯಕ್ಕೆ ಕೂಗುತ್ತಿದ್ದುದನ್ನು ಕೇಳಿಸಿಕೊಂಡವನೂ ನಾನೇ. ಅದು ನಡುವೆಯೇ ಕಡಿದುಹೋಗುತ್ತಿತ್ತು. ನಾನು ಹೆಡ್‌ಫೋನ್ ತೆಗೆದು “ಮುಗೀತು” ಅನ್ನುತ್ತಿದ್ದೆ, ಎಲ್ಲರೂ ಊಟಕ್ಕೆ ಕೂರುತ್ತಿದ್ದರು.

ಐದನೇ ಸಲ ನೀರಡಿಯ ಬಾಂಬು ಸಿಡಿದ ಹೊಡೆತಕ್ಕೆ ನನ್ನ ಬಲಗಿವಿ ಹೋಯಿತು. ಒಂಟಿ ಕಿವಿಯ ರೇಡಿಯೋದವನನ್ನು ಯಾರು ಕರೆದುಕೊಂಡು ಹೋಗುತ್ತಾರೆ? ಲೋರಿಯಾಂ ಹತ್ತಿರ, ದಡದ ಮೇಲಿನ ರೇಡಿಯೋ ಸ್ಟೇಷನ್ನಿಗೆ ಹಾಕಿದರು. ನಿನ್ನ ಜಾಗಕ್ಕೆ ಯಾರನ್ನು ತಗೊಳ್ಳಲಿ ಅಂತ ಕ್ಯಾಪ್ಟನ್ ಹಾರ್ಮ್ಸ್ ಕೇಳಿದರು. ಅವರಿಗಿನ್ನೂ ಇಪ್ಪತ್ತೊಂಬತ್ತು, ಆದರೂ ಬೋಟಿನಲ್ಲಿ ಅವರನ್ನು ಮುದುಕ ಅಂತಲೇ ಕರೆಯುವುದು ರೂಢಿ. “ನನ್ನ ತಂಗಿ ಗಂಡ ಊಬೊ ಇದಾನೆ ಸರ್, ಅವನಿಗೆ ಕೆಲಸ ಕಲಿಸಿದವನು ನಾನೇ” ಅಂದೆ. ಗೊತ್ತಿರುವ ಬೋಟು, ಹುಷಾರಿನ ಕ್ಯಾಪ್ಟನ್, ಬೇರೆಲ್ಲೋ ಹೋಗುವ ಬದಲು ಇಲ್ಲಿದ್ದರೆ ಹುಡುಗ ಉಳಿದುಕೊಳ್ಳುತ್ತಾನೆ ಅಂದುಕೊಂಡೆ. ನನ್ನ ಬುದ್ಧಿಗೆ ಮಂಕು ಕವಿದಿತ್ತು.

ಹೊರಡುವ ದಿನ ನಾನು ಬಂದರಿಗೆ ಹೋಗಿದ್ದೆ. ಊಬೊ ಬೋಟಿನ ಮೇಲಿಂದ ಹಾರಿ ಬಂದ.

“ಒಂದು ಕಿವಿ ಹೋಗಿದ್ದು ಒಳ್ಳೇದೇ ಆಯ್ತು ಭಾವ. ನಿಮ್ಮ ತಂಗಿ ಬೈಯೋವಾಗ ಆ ಕಿವಿ ಅವಳ ಕಡೆಗೆ ತಿರುಗಿಸ್ಕೊಂಡು ಕೂತ್ಕೋಬಹುದು. ನನಗಾ ಭಾಗ್ಯ ಇಲ್ಲ.”

“ತಲೆಹರಟೆ ಸಾಕು. ಮೋರ್ಸ್ ಕೀ ಮೇಲೆ ಕೈಯಿಟ್ರೆ ಇಪ್ಪತ್ತು ಸೆಕೆಂಡೊಳಗೆ ಮುಗಿಸ್ಬೇಕು. ಅಷ್ಟರೊಳಗೆ ಮುಗಿಸಿದ್ರೆ ನೀನೆಲ್ಲಿದೀಯ ಅಂತ ಇಂಗ್ಲಿಷರಿಗೆ ಪತ್ತೆ ಹಚ್ಚೋಕಾಗಲ್ಲ.”

“ಸಾವಿರ ಸಲ ಹೇಳಿದೀರಿ.”

“ಇನ್ನೊಂದ್ಸಲ ಕೇಳು, ಗಂಟೇನೂ ಹೋಗಲ್ಲ.”

ಈ ಇಪ್ಪತ್ತು ಸೆಕೆಂಡಿನ ಲೆಕ್ಕ ನನ್ನದಲ್ಲ. ನಮಗೆ ಪಾಠ ಮಾಡಿದವರು ಹೇಳಿದ್ದು, ಅವರಿಗೆ ಮೇಲಿನವರು ಹೇಳಿದ್ದು. ಅದನ್ನು ನಂಬದವನು ಒಬ್ಬನೂ ನಮ್ಮಲ್ಲಿ ಇರಲಿಲ್ಲ.

ಹೊರಡುವ ಮುಂಚೆ ಊಬೊ ಸ್ವಲ್ಪ ಮೆತ್ತಗಾದ. ಊರಲ್ಲಿ ನನ್ನ ತಂಗಿ ಫ್ರೌಕೆಗೆ ಆಗ ಏಳನೇ ತಿಂಗಳು. “ಮಗು ಹುಟ್ಟಿದ್ರೆ ತಿಳಿಸ್ತೀರಲ್ಲ ಭಾವ?” ಅಂದ. “ತಿಳಿಸ್ತೀನಿ. ಕೇಳಿಸ್ಕೊಂಡು ಸುಮ್ನಿರು, ಉತ್ತರ ಗಿತ್ತರ ಕೊಡೋಕೆ ಹೋಗಬೇಡ” ಅಂದೆ. ಅದು ನಲವತ್ಮೂರರ ಮಾರ್ಚ್ ತಿಂಗಳು.

ಮೇ ತಿಂಗಳಲ್ಲಿ ನಮ್ಮ ಬೋಟುಗಳು ಒಂದರ ಹಿಂದೆ ಒಂದು ಮಾಯವಾಗತೊಡಗಿದವು. ನಾನು ದಡದಿಂದ ಕರೆಯುತ್ತಿದ್ದೆ, ಅತ್ತಕಡೆ ಉಸಿರೇ ಇರುತ್ತಿರಲಿಲ್ಲ. ಬಸವನಹುಳುವಿನದೂ ಹನ್ನೆರಡು ದಿನದಿಂದ ಸುದ್ದಿಯಿಲ್ಲ. ನನ್ನ ಮೇಲಧಿಕಾರಿ ಲೆಫ್ಟಿನೆಂಟ್ ರೀಟ್ಸ್, ಕೆಟ್ಟವನೇನಲ್ಲ, ಹೊಟ್ಟೆಹುಣ್ಣಿನ ಮನುಷ್ಯ. “ಇನ್ನು ಮೂರು ದಿನ ನೋಡೋದು. ಉತ್ತರ ಬರದಿದ್ರೆ ಮನೆಯವರಿಗೆ ಬರೆದುಬಿಡೋದು” ಅಂದ.

“ಅವರು ಬದುಕಿದಾರೆ ಸರ್. ಮಾತಾಡ್ತಿಲ್ಲ, ಅಷ್ಟೆ.”

“ನಿಂಗೆ ಹ್ಯಾಗಯ್ಯಾ ಗೊತ್ತು?”

ಬಾಯಿ ಮುಚ್ಚಿಕೊಂಡಿರು ಅಂತ ನಾನೇ ಹೇಳಿಕೊಟ್ಟಿದ್ದೇನೆ, ಅವನು ಕೇಳುತ್ತಿದ್ದಾನೆ ಅಂತ ಹೇಳಲೇ? ತುಂಬು ಬಸುರಿ ತಂಗಿಯ ಕೈಗೆ ಆ ಕಾಗದ ಹೋಗಬಾರದು ಅಂತ ಮತ್ತೆ ಹೆಡ್‌ಫೋನ್ ಹಾಕಿಕೊಂಡೆ. ಊಬೊ ಸುಮ್ಮನಿದ್ದರೆ ಅವನು ಸತ್ತ ಅಂತ ಇಲ್ಲಿ ಬರೆಯುತ್ತಾರೆ, ಬಾಯಿಬಿಟ್ಟರೆ ಅಲ್ಲಿ ಏನಾಗುತ್ತದೋ. ಎರಡರಲ್ಲಿ ಯಾವುದು ಬೇಕು ಅಂತ ದೇವರನ್ನು ಕೇಳುವುದಕ್ಕೂ ನನಗೆ ಧೈರ್ಯವಿರಲಿಲ್ಲ.

ಮಾರನೇ ಮಧ್ಯಾಹ್ನ ಊರಿನಿಂದ ತಂತಿ ಬಂತು. ಹೆಣ್ಣುಮಗು, ತಾಯಿ ಮಗು ಕ್ಷೇಮ. ರೀಟ್ಸ್ ತಿಂಗಳಲ್ಲಿ ಮೊದಲ ಸಲ ನಕ್ಕ. “ಕಳಿಸು. ಜೊತೆಗೆ ಎಲ್ಲಿದ್ದೀರಿ ತಿಳಿಸಿ ಅಂತಲೂ ಕೇಳು. ಇದಕ್ಕಾದರೂ ಬಾಯಿ ಬಿಡ್ತಾರೆ.”

“ಬರೀ ಮಗುವಿನ ಸುದ್ದಿ ಸಾಕಲ್ವಾ ಸರ್?”

“ಹೇಳಿದಷ್ಟು ಮಾಡು.”

ಅವನು ನನ್ನ ಬೆನ್ನ ಹಿಂದೆಯೇ ನಿಂತಿದ್ದ, ನಾನು ಹೇಳಿದಷ್ಟು ಮಾಡಿದೆ. ಹೆಣ್ಣು ಹುಟ್ಟಿದರೆ ‘ಪೆರಿಸ್ಕೋಪ್ ಇಲ್ಲದ ಬೋಟು ಬಂದಿದೆ’ ಅಂತ ಕಳಿಸುವುದು ನಮ್ಮವರ ಹಳೇ ತಮಾಷೆ, ಗಂಡಾದರೆ ಪೆರಿಸ್ಕೋಪ್ ಸಮೇತ. ಹಾಗೇ ಕಳಿಸಿದೆ. ಕೊನೆಗೆ ಸ್ಥಳ ತಿಳಿಸಿ ಅಂತ ಕೇಳಿದೆ. ನಿಜ ಹೇಳಬೇಕೆಂದರೆ, ರೀಟ್ಸ್ ಇರದಿದ್ದರೂ ಕೇಳುತ್ತಿದ್ದೆನೋ ಏನೋ. ಊಬೊನ ಉತ್ತರ ನನಗೂ ಬೇಕಾಗಿತ್ತು.

ಕಾಲು ಗಂಟೆಯಲ್ಲಿ ಬಂತು. ಮೊದಲ ಟಕಟಕಕ್ಕೇ ಕೈ ಯಾರದು ಅಂತ ಗೊತ್ತಾಯಿತು. ಒಬ್ಬೊಬ್ಬ ರೇಡಿಯೋದವನು ಕೀ ಒತ್ತುವ ರೀತಿ ಅವನವನ ನಡಿಗೆಯಿದ್ದ ಹಾಗೆ. ಮೋರ್ಸಿನ ಚುಕ್ಕಿ-ಗೆರೆಗಳಲ್ಲಿ ಊಬೊ ಕೊನೆಯ ಗೆರೆಯನ್ನು ಒಂದು ಚೂರು ಎಳೆಯುತ್ತಿದ್ದ, ಎಷ್ಟು ಬೈದರೂ ಬಿಟ್ಟಿರಲಿಲ್ಲ. ಗುಪ್ತಲಿಪಿಯಲ್ಲಿ ಸ್ಥಳ ಕಳಿಸಿ ಮುಗಿಸಿದ. ಗಡಿಯಾರ ನೋಡಿದೆ, ಹದಿನೆಂಟು ಸೆಕೆಂಡು. ಶಭಾಷ್ ಅಂದುಕೊಂಡೆ.

ಎರಡು ಸೆಕೆಂಡು ಬಿಟ್ಟು ಮತ್ತೆ ಕೀ ಒತ್ತಿದ. ಈ ಸಲ ಗುಪ್ತಲಿಪಿಯೂ ಇಲ್ಲ, ಏನೂ ಇಲ್ಲ, ಬಯಲಿಗೆ ಬಯಲು. ಟಾಲ್ಕೆ. ಅವನ ಅಜ್ಜಿಯ ಹೆಸರು. ಒಟ್ಟು ಇಪ್ಪತ್ನಾಲ್ಕು ಸೆಕೆಂಡು.

“ಕತ್ತೆ ಬಡವಾ” ಅಂತ ಬೈದೆ. ಬೈಯುತ್ತ ಬೈಯುತ್ತ ಕಣ್ಣಲ್ಲಿ ನೀರು ಬಂತು. ರೀಟ್ಸ್ ನನ್ನ ಬೆನ್ನು ತಟ್ಟಿ “ಬದುಕಿದಾರೆ ಕಣಯ್ಯಾ, ನೀನು ಹೇಳಿದ್ದೇ ಸರಿ” ಅಂದ. ನಕ್ಷೆಯ ಮೇಲೆ ಗುರುತು ಹಾಕಿದ, ಬಂದರಿಗೆ ನಾಲ್ಕೇ ದಿನದ ದಾರಿ. ನಾನು ಊರಿಗೆ ತಂತಿ ಕೊಟ್ಟೆ: ತಂದೆಗೆ ತಿಳಿದಿದೆ, ಹೆಸರು ಟಾಲ್ಕೆ.

ನಲವತ್ತು ನಿಮಿಷಕ್ಕೆ ಮತ್ತೆ ಅದೇ ಕೈ. ಈಗ ಓಡುತ್ತಿತ್ತು. ವಿಮಾನ, ಎರಡು, ಕೆಳಗಿಳಿಯಲು ಆಗುತ್ತಿ— ಅಷ್ಟೇ. ನಡುವೆಯೇ ಕಡಿದುಹೋಯಿತು.

ನಾನು ಎದ್ದು ಏನು ಮಾಡಬೇಕಿತ್ತು ಹೇಳಿ? ನನ್ನ ಕೈಯಲ್ಲಿದ್ದದ್ದು ಒಂದು ಕೀ, ಒಂದು ಪೆನ್ಸಿಲ್ಲು. ರೀಟ್ಸ್ ಸಣ್ಣ ದನಿಯಲ್ಲಿ “ಕರೀತಾ ಇರು” ಅಂದ. ಎರಡು ಗಂಟೆಗೊಮ್ಮೆ ಕರೆದೆ, ಒಂಬತ್ತು ದಿನ. ಎಲ್ಲಿದ್ದೀರಿ ತಿಳಿಸಿ, ಎಲ್ಲಿದ್ದೀರಿ ತಿಳಿಸಿ. ಹತ್ತನೇ ದಿನ ಸಾಕು ಅಂದರು.

ಯುದ್ಧ ಮುಗಿದ ಮೇಲೆ ಕೈದಿಗಳ ಶಿಬಿರದಲ್ಲಿ ನಮ್ಮನ್ನು ಕಾಯುತ್ತಿದ್ದ ಒಬ್ಬ ಇಂಗ್ಲಿಷ್ ಸಾರ್ಜೆಂಟನೂ ರೇಡಿಯೋದವನೇ ಆಗಿದ್ದ. ಇಪ್ಪತ್ತು ಸೆಕೆಂಡಿನ ವಿಷಯ ತೆಗೆದೆ. ಅವನು ಬಿದ್ದು ಬಿದ್ದು ನಕ್ಕ. ಅವರ ಯಂತ್ರಕ್ಕೆ ಒಂದೆರಡು ಸೆಕೆಂಡು ಸಾಕಾಗುತ್ತಿತ್ತಂತೆ, ಗಾಜಿನ ಮೇಲೆ ಗೆರೆ ಮೂಡಿ ದಿಕ್ಕು ತೋರಿಸುತ್ತಿತ್ತಂತೆ. ಅಂದರೆ ನಾನು ಕೇಳಿ ತರಿಸಿಕೊಂಡ ಉತ್ತರವೇ ಬೋಟನ್ನು ಪತ್ತೆ ಹಚ್ಚೋಕೆ ಸಾಕಾಗಿತ್ತು. ಅಥವಾ ಅದು ಸಾಲದೆ, ಅವನು ಆ ಹೆಸರು ಕಳಿಸಿದಾಗಲೇ ಅವರಿಗೆ ಸಿಕ್ಕಿದ್ದೋ. ಯಾರನ್ನು ಕೇಳಲಿ? ಇದನ್ನು ಈವರೆಗೆ ಯಾರ ಹತ್ತಿರವೂ ಬಾಯಿಬಿಟ್ಟಿಲ್ಲ.

ಊರಿಗೆ ಬಂದಾಗ ಟಾಲ್ಕೆಗೆ ಮೂರು ವರ್ಷ. ಫ್ರೌಕೆ ಅಳಲಿಲ್ಲ. ಬಟ್ಟಲಿಗೆ ಕಲ್ಲುಸಕ್ಕರೆ ಹಾಕಿ, ಚಹಾ ಬಗ್ಗಿಸಿ, ಮೇಲೆ ಕೆನೆ ಬಿಟ್ಟು ನನ್ನ ಮುಂದಿಟ್ಟಳು. “ಹೆಸರು ಕಳಿಸೋವಾಗ ಖುಷಿಯಾಗಿದ್ನಾ ಅಣ್ಣಾ? ನಿನಗೆ ಕೈಯಲ್ಲೇ ಗೊತ್ತಾಗುತ್ತಲ್ಲ” ಅಂದಳು. ಖುಷಿಯಾಗಿದ್ದ ಅಂದೆ. ಅದೊಂದು ಮಾತು ಹಿಡಿದುಕೊಂಡು ಅವಳು ಮೂವತ್ತು ವರ್ಷ ಬಾಳಿದಳು. ಸಿಕ್ಕಸಿಕ್ಕವರಿಗೆಲ್ಲ ಹೇಳಿದಳು, ಸಮುದ್ರದ ನಡುವಿನಿಂದ ಮಗಳಿಗೆ ಹೆಸರಿಟ್ಟ ನನ್ನ ಗಂಡ ಅಂತ.

ಈಗ ಟಾಲ್ಕೆಗೇ ಒಬ್ಬ ಮಗಳಿದ್ದಾಳೆ. ಹೋದ ಭಾನುವಾರ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತು ಕೇಳಿದಳು, “ಮಾವ, ನನ್ನ ಹೆಸರು ಕಳಿಸೋಕೆ ಅಪ್ಪನಿಗೆ ಎಷ್ಟು ಹೊತ್ತು ಹಿಡೀತು?”

“ನಾಲ್ಕು ಸೆಕೆಂಡು” ಅಂದೆ.

“ಅಷ್ಟೇನಾ? ಇನ್ನೊಂದು ಸ್ವಲ್ಪ ಮಾತಾಡಬಾರದಿತ್ತಾ ಅಪ್ಪ” ಅಂತ ನಕ್ಕಳು.

ಅವನಿಗೆ ಅವಸರವಿತ್ತು ಅಂತ ಹೇಳಿ, ಚಹಾದ ಬಟ್ಟಲು ಎತ್ತಿಕೊಂಡೆ.