ಓರೆಗೆರೆಯ ಕೆಳಗಿನ ಜಿ

ಜಾಂದಿರಾಳ ಎಡಗೈಯಲ್ಲಿ ಕಿರುಬೆರಳಿರಲಿಲ್ಲ. ಹೊಲಿಗೆ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವ ಯಂತ್ರ ಅದನ್ನು ತೆಗೆದುಕೊಂಡಿತ್ತು. ಆದರೂ ಅವಳಿಗೆ ಬೇಕಿದ್ದದ್ದು ನಮ್ಮ ಭಾನುವಾರದ ಸಾಂಬಾ ಮೇಜಿನಲ್ಲಿ, ದುರ್ವಾಲ್ ಮೇಷ್ಟ್ರ ಪಕ್ಕ ಖಾಲಿಯಿದ್ದ ಗಿಟಾರ್ ಕುರ್ಚಿ.

ರಿಯೊದ ನಮ್ಮ ರಾಮೋಸ್‌ನಲ್ಲಿ, ಬಾರಿನ ಹಿತ್ತಲಲ್ಲಿ, ಪದ್ಧತಿ ಒಂದೇ. ಮೇಜಿಗೆ ಕೂತವರು ನುಡಿಸಬೇಕು, ತಪ್ಪಿದವರು ಎದ್ದು ನಿಲ್ಲಬೇಕು. ದುರ್ವಾಲ್‌ರದು ಏಳು ತಂತಿಯ ಗಿಟಾರ್. ತಳದ ದಪ್ಪ ಸ್ವರಗಳೆಲ್ಲ ಅವರ ಜಹಗೀರು.

ಅಂದು ಮಧ್ಯಾಹ್ನ ಆ ಕುರ್ಚಿಗೆ ಮೊದಲು ಕೂತವನು, ಅದರ ಮೇಲೆ ಕಣ್ಣಿಟ್ಟಿದ್ದ ಇನ್ನೊಬ್ಬ ಗಿಟಾರಿಗ ಎವಾಂದ್ರೊ. ಹಾಡಿನ ನಡುವೆ ಒಂದು ಕಾರ್ಡ್, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು, ಬರುತ್ತದೆ. ಚೀಟಿಯಲ್ಲಿ ಡಿ ಮೈನರ್ ನೈನ್, ಆಮೇಲೆ ಓರೆಗೆರೆ, ಅದರ ಕೆಳಗೆ ಜಿ. ಎಂದರೆ ಮೇಲೆ ಡಿ, ಎಫ್, ಎ, ಸಿ, ಇ, ತಳದಲ್ಲಿ ಜಿ. ಅವನು ನಾಲ್ಕೂ ಬೆರಳು ಚಾಚಿ ಜಿ ಸಮೇತ ಒತ್ತಿದ. ದುರ್ವಾಲ್ ಒಂದೊಂದೇ ಸ್ವರ ಇಳಿದು ಬಂದು ಅದೇ ಜಿ ಮೇಲೆ ನಿಲ್ಲುವವರಿದ್ದರು. ಅವರ ಇಳಿಯುವ ಸ್ವರಕ್ಕೂ ಇವನ ಜಿಗೂ ಡಿಕ್ಕಿ ಹೊಡೆಯಿತು. ಹಾಡು ನಿಂತಿತು.

“ನನ್ನ ಕಾಲು ತುಳಿದ್ಯಲ್ಲೋ! ಏಳು,” ಎಂದರು ದುರ್ವಾಲ್.

ಜಾಂದಿರಾ ಕೂತಳು.

“ಮೂರು ಬೆರಳಲ್ಲಿ ಆರು ಸ್ವರ ಹೆಂಗಮ್ಮ ಹಿಡೀತೀಯ?” ಎಂದು ಎವಾಂದ್ರೊ ನಕ್ಕ.

“ಆರೂ ನಾನೇ ಯಾಕೆ ಹಿಡೀಬೇಕು? ಅಲ್ಲಿ ಇರಾಸೆಮಕ್ಕ ಹಾಡೋದೇ ಡಿ. ಜಿ ಮೇಷ್ಟ್ರ ಹತ್ರ ಇದೆ. ಉಳಿದ ನಾಲ್ಕರಲ್ಲಿ ಇ ಬರೀ ತಂತಿ, ಒತ್ತೋದೇ ಬೇಡ. ಲೆಕ್ಕ ಬರುತ್ತಾ ನಿಂಗೆ?”

ಹಾಡು ಮತ್ತೆ ಶುರುವಾಯಿತು. ಆ ಜಾಗದಲ್ಲಿ ಇರಾಸೆಮಾ ಡಿ ಹಿಡಿದು ನಿಂತಳು, ಜಾಂದಿರಾ ಮೂರು ಬೆರಳು ಒತ್ತಿದಳು, ದುರ್ವಾಲ್ ಇಳಿದು ಬಂದು ತಳಕ್ಕೆ ಜಿ ಇಟ್ಟರು. ಎದುರಿಗೆ ಕಂಜಿರದಂಥ ಪಂದೇರೊ ಬಡಿಯುತ್ತಿದ್ದ ನನಗೆ ಆರೂ ಕೇಳಿಸಿದವು.

ನಮ್ಮ ಮುದಿ ಮೇಷ್ಟ್ರು ಅಷ್ಟಕ್ಕೆ ಬಿಡುವವರಲ್ಲ. ಎರಡನೇ ಸಲ ಅದೇ ಜಾಗ ಬಂದಾಗ ತಂತಿ ಬಿಟ್ಟು ಬಿಯರ್ ಲೋಟಕ್ಕೆ ಕೈಹಾಕಿದರು. ಕಾರ್ಡಿನ ತಳದ ಸ್ವರ ಖಾಲಿ. ಜಾಂದಿರಾ ಎಡಗೈ ಹೆಬ್ಬೆರಳನ್ನು ಗಿಟಾರಿನ ಕತ್ತಿನ ಮೇಲಿಂದ ಹಾಯಿಸಿ ದಪ್ಪ ತಂತಿಯ ಮೂರನೇ ಮನೆ ಒತ್ತಿದಳು. ಬಲಗೈ ಹೆಬ್ಬೆರಳಿಂದ ಬಾರಿಸಿದಳು. ಆ ಜಿಗೆ ಮೇಜಿನ ಹಲಗೆ ನಡುಗಿತು.

“ಹೆಬ್ಬೆರಳಲ್ಲಿ ತಂತಿ ಒತ್ತೋದು ತಪ್ಪು ಅನ್ನೋ ಸಂಗೀತ ಶಾಲೆಯವರು ನೋಡಿದ್ರೆ ಅದನ್ನೂ ಕತ್ತರಿಸ್ತಾರೆ ಕಣೇ!” ದುರ್ವಾಲ್ ಅರಚಿ ಮೇಜು ಗುದ್ದಿದರು. “ಮುಂದಿನ ಭಾನುವಾರ ಎರಡು ಗಂಟೆಗೆ ಬಾ. ತಡ ಮಾಡಿದ್ರೆ ಕುರ್ಚಿ ನಾಯಿಗೆ ಕೊಡ್ತೀನಿ.”

“ಮುಂದಿನ ವಾರ ಯಾಕೆ ಮೇಷ್ಟ್ರೇ? ಈ ಹಾಡೇ ಇನ್ನೂ ಮುಗಿದಿಲ್ಲ.”

ಕತ್ತಲಾಗುವವರೆಗೂ ಅವಳು ಏಳಲಿಲ್ಲ. ಅಂದು ಕಳೆದದ್ದು ತಂತಿಗೆ ಮುರಿದ ಅವಳ ಬಲಗೈ ಹೆಬ್ಬೆರಳಿನ ಉಗುರು, ಮೇಜಿನಿಂದ ಉರುಳಿದ ಮೇಷ್ಟ್ರ ಒಂದು ಲೋಟ ಬಿಯರ್.