ಡಬ್ಬಿಗೆ ನಿಂಬೆಹಣ್ಣು

"ದೂರ ನಿಂತ್ಕಳೇ ಬೋಳಿ! ಡಬ್ಬಿ ಮುಟ್ಟಿದ್ರೆ ಕೈ ಮುರ್ದಾಕ್ಬುಡ್ತೀನಿ. ಮಡಿ ಮಾಡೈತೆ, ಕಾಣಲ್ವಾ?"

"ನನ್ ಗಂಡ ಬದ್ಕವ್ನೆ ಸಾಮಿ. ಪಾದ ಒಂದೇ ಹೋಗಿರಾದು," ಎಂದಳು ಚಿಕ್ಕಹನುಮಕ್ಕ.

ಬೈದ ಕ್ವಾರಿ ಮಾಲೀಕ ರೇಣುಕಪ್ರಸಾದ್ ಕೇಳಿಸದವನಂತೆ ಪಂಚೆ ಕಟ್ಟಿಕೊಂಡ.

ಐ.ಡಿ.ಹಳ್ಳಿ ಕಡೆಯ ಆ ಗುಡ್ಡದಲ್ಲಿ, ಕಲ್ಲು ತುಂಬುವ, ನಾಲ್ಕು ಚಕ್ರದ ಕಬ್ಬಿಣದ ಡಬ್ಬಿಯನ್ನು ಅವಳು ಹನ್ನೊಂದು ವರ್ಷದಿಂದ ತಳ್ಳುತ್ತಿದ್ದಳು. ಕ್ರಷರ್‌ವರೆಗೆ ಇನ್ನೂರು ಅಡಿ ಇಳಿಜಾರಿನ ಹಳಿ. ತುಂಬಿದ ಡಬ್ಬಿ ಮುಕ್ಕಾಲು ಟನ್. ಬ್ರೇಕ್ ಇಲ್ಲ. ನಿಲ್ಲಿಸಬೇಕಾದರೆ ಯಾರಾದರೂ ಚಕ್ರಕ್ಕೆ ಕಲ್ಲು ಒಡ್ಡಬೇಕು. ಯುಗಾದಿಗೆ ಮುಂಚೆ ಹಾಗೆ ಒಡ್ಡಲು ಹೋದ ಅವಳ ಗಂಡ ಅಂಬರೀಶನ ಪಾದ ಚಕ್ರಕ್ಕೆ ಸಿಕ್ಕಿತು. ಬ್ರೇಕ್ ಹಾಕಿಸುತ್ತೇನೆಂದು ಮಾಲೀಕ ಅಂದೇ ಹೇಳಿದ್ದ. ಇವತ್ತು ಆಯುಧಪೂಜೆ, ಡಬ್ಬಿಗೆ ಬೆಳ್ಳಿ ಬಣ್ಣ, ಬಾಳೆಕಂದು, ಮೂರು ಮಾರು ಸೇವಂತಿಗೆ ಬಂದಿತ್ತು.

"ಬ್ರೇಕೆಲ್ಲಿ ಸಾಮಿ? ನಾಳಿಂದ ಕಲ್ಲು ಒಡ್ಡಾದು ನನ್ ಸೊಸೆ ಯಶೋಧರಾ."

"ಪೂಜೆ ಆದಮೇಲೆ ಏನೂ ಆಗಲ್ಲಮ್ಮ," ಎಂದರು ಪುರೋಹಿತರು. ಚಕ್ರದ ಕಡೆ ನೋಡಿ ಮುಖ ಕಿವುಚಿದರು. "ಈ ಕಲ್ಲು ಇಟ್ಟಿದ್ದು ಯಾರು?"

"ನಾನೇ ಅಯ್ನೋರೆ."

"ಮೈಲಿಗೆ. ತೆಗೆದು ಅಲ್ಲಿ ನಿಂಬೆಹಣ್ಣು ಇಡಿ."

"ಬ್ಯಾಡಿ ಸಾಮಿ! ಡಬ್ಬಿ ತುಂಬೈತೆ!"

"ನಂಗೇ ಹೇಳ್ಕೊಡ್ತೀಯೇನೇ?" ರೇಣುಕಪ್ರಸಾದ್ ಎರಡು ನಿಂಬೆಹಣ್ಣು ಇಟ್ಟು, ಪಕ್ಕದಲ್ಲಿ ನಿಂತು ಹಾರೆಯಿಂದ ಕಲ್ಲು ಮೀಟಿದ. ಅದು ಉರುಳಿ ಚಿಕ್ಕಹನುಮಕ್ಕನ ಕಾಲ ಬಳಿ ನಿಂತಿತು.

ನಿಂಬೆಹಣ್ಣು ಅಪ್ಪಚ್ಚಿಯಾದವು. ಡಬ್ಬಿ ಹೊರಟಿತು. ಕೆಳಗೆ, ಹಳಿಯ ಮೇಲೇ, ಪೂಜೆಗೆ ನಿಲ್ಲಿಸಿದ್ದ ಅವನ ಹೊಸ ಕಾರು. ಒಳಗೆ ಯಾರೂ ಇರಲಿಲ್ಲ.

"ಹಿಡೀರೇ! ಕಲ್ಲು ಒಡ್ರೇ!" ರೇಣುಕಪ್ರಸಾದ್ ಪಕ್ಕದಲ್ಲಿ ನಿಂತಿದ್ದ ಕೂಲಿ ಹೆಂಗಸರತ್ತ ಕೂಗಿದ.

ಅವರ ನಡುವಿನಿಂದ ಯಶೋಧರಾ ಓಡಿಬಂದು ಕಲ್ಲಿಗೆ ಬಗ್ಗಿದಳು. ಅತ್ತೆ ಅದರ ಮೇಲೆ ಕಾಲಿಟ್ಟಳು. "ಮಡಿ ಮಾಡೈತೆ ಕಣವ್ವ. ಮುಟ್ಬ್ಯಾಡ."

ಕಾರಿನ ಬಾನೆಟ್ಟು, ಸೇವಂತಿಗೆ, ಗಾಜು ಒಟ್ಟಿಗೆ ಹಾರಿದವು.

"ದೊಡ್ಡ ಗಂಡಾಂತರ ಸಣ್ಣದ್ರಲ್ಲಿ ಕಳೀತು," ಎಂದು ಪುರೋಹಿತರು ಗಂಟೆ ಚೀಲಕ್ಕೆ ಹಾಕಿಕೊಂಡರು.

ರೇಣುಕಪ್ರಸಾದ್ ಹೊಡೆಯಲು ನುಗ್ಗಿಬಂದ. ಚಿಕ್ಕಹನುಮಕ್ಕ ಕಲ್ಲೆತ್ತಿ ಅವನೆದೆಗೆ ಒತ್ತಿದಳು. ಕಾಲ ಮೇಲೆ ಬಿದ್ದೀತೆಂದು ಅವನು ಎರಡೂ ಕೈಯಲ್ಲಿ ತಬ್ಬಿ ಹಿಡಿದ.

"ಬ್ರೇಕ್ ಬರಗಂಟ ನೀವೇ ಒಡ್ಡಿ ಸಾಮಿ."

ಹನ್ನೆರಡು ಹೆಂಗಸರೂ ಅವಳ ಹಿಂದೆ ಗುಡ್ಡ ಇಳಿದರು. ಮೈಲಿಗೆ ಕಲ್ಲು ಹೊತ್ತ ಮಾಲೀಕನಿಂದ ಪುರೋಹಿತರು ನಾಲ್ಕು ಹೆಜ್ಜೆ ದೂರ ಸರಿದರು.